ಮಚ್ಚೆ ನೋಡಿಕೊಳ್ಳುವುದು ಹೇಗೆ? ಮುಖದಿಂದ ಅಲ್ಲ, ಅಂಗಾಲಿನಿಂದ ಶುರು ಮಾಡಿ

"ಕೆನ್ನೆ ಮೇಲಿನ ಮಚ್ಚೆ ಸ್ವಲ್ಪ ದಪ್ಪ ಆಗಿದೆ. ಕ್ಯಾನ್ಸರ್ ಇರಬಹುದಾ?" ಈ ಪ್ರಶ್ನೆ ನಮ್ಮ ಕಾಸರಗೋಡಿನ ಕುಂಬಳೆಯಿಂದಲೂ ಬರುತ್ತದೆ, ಮುಳ್ಳೇರಿಯದಿಂದಲೂ ಬರುತ್ತದೆ, ಮಂಜೇಶ್ವರದಿಂದಲೂ ಬರುತ್ತದೆ. ಕೇಳುವವರೆಲ್ಲ ಮುಖದ ಬಗ್ಗೆ, ಕುತ್ತಿಗೆಯ ಬಗ್ಗೆ ಕೇಳುತ್ತಾರೆ. ಅಂಗಾಲಿನ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಚಿಂತೆ ಆಗುವುದು ಅಲ್ಲೇ.

ಬಣ್ಣದ ಕೋಶಗಳಿಂದ ಹುಟ್ಟುವ ಚರ್ಮದ ಕ್ಯಾನ್ಸರಿಗೆ ಮೆಲನೋಮಾ ಎನ್ನುತ್ತಾರೆ. ಭಾರತದಲ್ಲಿ ಇದು ಅಪರೂಪ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಆದರೆ ನಮ್ಮಂಥ ಕಂದು ಚರ್ಮದವರಿಗೆ ಬಂದಾಗ ಅದು ಜಾಸ್ತಿ ಕಾಣಿಸುವುದು ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ. ನನ್ನ ಹತ್ತಿರದ ಹಿರಿಯರೊಬ್ಬರ ಹಿಮ್ಮಡಿಯ ಕಪ್ಪು ಕಲೆಯನ್ನು ಆಣಿ ಎಂದುಕೊಂಡು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮುಲಾಮು ಹಚ್ಚಿದೆವು. ಆ ವರ್ಷ ನಮಗೆ ವಾಪಸ್ ಸಿಗಲಿಲ್ಲ. ನಿಮಗೆ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಷ್ಟು ಗೊತ್ತಿರಲಿ: ಮಚ್ಚೆ ಬರುವುದು ಎಲ್ಲಿಂದ?

ಮಗು ಗರ್ಭದಲ್ಲಿ ರೂಪುಗೊಳ್ಳುವ ಮೊದಲ ವಾರಗಳಲ್ಲಿ, ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗುವ ಭಾಗದ ಅಂಚಿನಿಂದ ಕೆಲವು ಕೋಶಗಳು ಹೊರಡುತ್ತವೆ. ಅವು ನಿಧಾನವಾಗಿ ಸಾಗಿ ಮೈಯ ಚರ್ಮವನ್ನೆಲ್ಲ ಸೇರುತ್ತವೆ. ಇವುಗಳ ಹೆಸರು ಮೆಲನೋಸೈಟ್. ಬಣ್ಣ ತಯಾರಿಸುವುದು ಇವುಗಳ ಕೆಲಸ. ಆ ಬಣ್ಣವೇ ಮೆಲನಿನ್.

ಒಂದೊಂದು ಮೆಲನೋಸೈಟಿಗೂ ಉದ್ದುದ್ದ ಕೈಗಳಂತೆ ಚಾಚುಗಳಿರುತ್ತವೆ. ಅವುಗಳ ಮೂಲಕ ಸುತ್ತಲಿನ ಸುಮಾರು 30ರಿಂದ 40 ಚರ್ಮದ ಕೋಶಗಳಿಗೆ ಅದು ಬಣ್ಣದ ಕಣಗಳನ್ನು ಹಂಚುತ್ತದೆ. ಬಣ್ಣ ಸಿಕ್ಕಿದ ಕೋಶ ಅದನ್ನು ತನ್ನ ನಡುವಿನ ಬೀಜದ ಮೇಲ್ಭಾಗದಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ತೋಟದ ಕೆಲಸದವರು ತಲೆಗೆ ಹಾಳೆಯ ಮುಟ್ಟಾಳೆ ಇಡುತ್ತಾರಲ್ವಾ, ಹಾಗೆಯೇ. ಬಿಸಿಲಿನ ನೇರಳಾತೀತ ಕಿರಣ ಒಳಗಿನ ವಂಶವಾಹಿಗೆ (ಜೀನಿಗೆ) ತಾಗದಂತೆ ಅದು ತಡೆಯುತ್ತದೆ. ಬಿಳಿ ಚರ್ಮದವರಿಗೂ ನಮಗೂ ಮೆಲನೋಸೈಟುಗಳ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನಮ್ಮಲ್ಲಿ ತಯಾರಾಗುವ ಬಣ್ಣ ಜಾಸ್ತಿ, ಅದರ ಕಣಗಳೂ ದೊಡ್ಡವು.

ಸಾಮಾನ್ಯವಾಗಿ ಈ ಕೋಶಗಳು ಒಂದಕ್ಕೊಂದು ದೂರದಲ್ಲಿರುತ್ತವೆ. ಒಂದೇ ಕಡೆ ಕೆಲವು ಕೋಶಗಳು ಹೆಚ್ಚಾಗಿ ಗುಂಪಾಗಿ ಕೂತರೆ ಅದೇ ಮಚ್ಚೆ. ಹುಟ್ಟಿದ ಮೇಲೆ ಬರುವ ಮಚ್ಚೆಗಳಲ್ಲಿ ಹೆಚ್ಚಿನವಕ್ಕೆ ಬ್ರಾಫ್ ಎಂಬ ಒಂದು ಜೀನಿನಲ್ಲಿ ಆಗುವ ಸಣ್ಣ ಬದಲಾವಣೆ ಕಾರಣ. ಅದು ಕೋಶಕ್ಕೆ "ಒಡೆದು ಎರಡಾಗು" ಎಂದು ಹೇಳುತ್ತಲೇ ಇರುತ್ತದೆ. ಕೋಶ ಸ್ವಲ್ಪ ಕಾಲ ಆ ಮಾತು ಕೇಳುತ್ತದೆ. ಆಮೇಲೆ ಒಳಗಿನ ಬ್ರೇಕ್ ಬೀಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ನಿಮ್ಮ ಭುಜದ ಮೇಲೆ 30 ವರ್ಷದಿಂದ ಹಾಗೇ ಇರುವ ಮಚ್ಚೆ ಹೀಗೆ ಬ್ರೇಕ್ ಹಾಕಿ ನಿಂತ ಕೋಶಗಳ ಗುಂಪು. ಇನ್ನಷ್ಟು ಜೀನುಗಳು ಕೆಟ್ಟು ಆ ಬ್ರೇಕೇ ತುಂಡಾದರೆ ಮೆಲನೋಮಾ ಆಗುತ್ತದೆ. ಒಂದು ಮಚ್ಚೆಯ ಮಟ್ಟಿಗೆ ನೋಡಿದರೆ ಹೀಗಾಗುವ ಸಂಭವ ತೀರಾ ಕಡಿಮೆ.

ಮಚ್ಚೆಗೂ ವಯಸ್ಸಾಗುತ್ತದೆ. ಚಿಕ್ಕಂದಿನಲ್ಲಿ ಚಪ್ಪಟೆಯಾದ ಕಂದು ಚುಕ್ಕೆ. ವರ್ಷ ಕಳೆದಂತೆ ಕೋಶಗಳು ಚರ್ಮದ ಕೆಳಪದರಕ್ಕೆ ಇಳಿಯುತ್ತವೆ, ಮಚ್ಚೆ ಮೇಲೆದ್ದು ಮೆತ್ತಗಾಗುತ್ತದೆ. ಕೆಲವೊಮ್ಮೆ ಅದರಲ್ಲಿ ಕೂದಲೂ ಬರುತ್ತದೆ. ಹತ್ತಿಪ್ಪತ್ತು ವರ್ಷಗಳಲ್ಲಿ ನಿಧಾನವಾಗಿ, ಸುತ್ತಲೂ ಒಂದೇ ಸಮನಾಗಿ ದಪ್ಪಗಾದ ಕೆನ್ನೆಯ ಮಚ್ಚೆಗೆ ಹೆದರಬೇಕಿಲ್ಲ. ಅದರ ಪ್ರಾಯ ಆಯಿತು, ಅಷ್ಟೇ.

ಇನ್ನೊಂದು ಮಾತು ಬಹಳ ಮುಖ್ಯ. ಮೆಲನೋಮಾಗಳಲ್ಲಿ ಹತ್ತರಲ್ಲಿ ಸುಮಾರು ಏಳು ಹಳೆಯ ಮಚ್ಚೆಯಿಂದ ಹುಟ್ಟುವುದೇ ಇಲ್ಲ. ಏನೂ ಇಲ್ಲದ ಚರ್ಮದಲ್ಲಿ ಹೊಸ ಕಲೆಯಾಗಿ ಬರುತ್ತವೆ. ಹಾಗಾಗಿ ಇರುವ ಮಚ್ಚೆಗಳನ್ನೆಲ್ಲ ತೆಗೆಸಿಕೊಂಡು ಬಚಾವಾದೆ ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಹೊಸದಾಗಿ ಬಂದದ್ದು ಯಾವುದು, ಬದಲಾಗುತ್ತಿರುವುದು ಯಾವುದು ಎಂದು ನೋಡಬೇಕು.

ಬಿಸಿಲಿನ ಪ್ರಶ್ನೆಯೂ ಬರುತ್ತದೆ. ಬಿಳಿ ಚರ್ಮದವರಿಗೆ ಬಿಸಿಲೇ ದೊಡ್ಡ ಕಾರಣ. ಆಸ್ಟ್ರೇಲಿಯಾದಲ್ಲಿ ಹೆನ್ರಿ ಲ್ಯಾಂಕಾಸ್ಟರ್ 1956ರಲ್ಲಿ ಇದನ್ನು ಅಂಕಿ ಅಂಶಗಳಿಂದ ತೋರಿಸಿದರು. ಅಂಗಾಲಿಗೆ ಎಲ್ಲಿಯ ಬಿಸಿಲು? ಅಲ್ಲಿ ಬರುವ ಮೆಲನೋಮಾಕ್ಕೆ ಬಿಸಿಲು ಮುಖ್ಯ ಕಾರಣ ಅಲ್ಲ. ಹಾಗಾಗಿ ಸನ್‌ಸ್ಕ್ರೀನ್ ಹಚ್ಚಿ ಇದನ್ನು ತಡೆಯಲು ಆಗುವುದಿಲ್ಲ. ಬೇಗ ಕಂಡುಹಿಡಿಯುವುದೊಂದೇ ದಾರಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಇದೇ ಕಾಯಿಲೆ ಪತ್ತೆಯಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರು. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಹಂತ 1: ಬೇಕಾದದ್ದನ್ನು ತೆಗೆದಿಡಿ

ಹಗಲಿನ ಬೆಳಕು, ಒಂದು ಕೈಗನ್ನಡಿ, ಫೋನು, ಮಕ್ಕಳ ಪೆಟ್ಟಿಗೆಯಿಂದ ಒಂದು ಸ್ಕೇಲು. ಜತೆಗೆ ಮನೆಯವರೊಬ್ಬರು. ಬೆನ್ನನ್ನು ನೀವೇ ನೋಡಿಕೊಳ್ಳಲು ಆಗುವುದಿಲ್ಲ. ಹಿರಿಯರಿಗೆ ಬಗ್ಗಿ ಅಂಗಾಲು ನೋಡುವುದೂ ಕಷ್ಟ.

ಹಂತ 2: ಕಾಲು ತೊಳೆಯಿರಿ, ಎರಡು ವಾರ ಕಾಯಿರಿ

ನಮ್ಮ ಕಡೆಯವರ ಕೈಕಾಲಿನಲ್ಲಿ ಕಲೆ ಇಲ್ಲದ ದಿನವೇ ಕಡಿಮೆ. ಅಡಿಕೆ ಸುಲಿದ ಕೈಯ ಚೊಗರು, ಗೇರುಹಣ್ಣಿನ ಕಲೆ, ಹಲಸಿನ ಮೇಣಕ್ಕೆ ಅಂಟಿದ ಮಣ್ಣು, ಹಳೆಯ ಮದರಂಗಿ. ಇವೆಲ್ಲ ಚರ್ಮದ ಮೇಲ್ಪದರದಲ್ಲಿ ಇರುತ್ತವೆ. ಚರ್ಮ ಸವೆದಂತೆ ಹೋಗುತ್ತವೆ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಕಲೆ ಉಳಿದರೆ ಫೋಟೋ ತೆಗೆದಿಟ್ಟು ಎರಡು ವಾರ ಬಿಟ್ಟು ಮತ್ತೆ ನೋಡಿ. ಅಂಗಾಲಿನ ಚರ್ಮ ದಪ್ಪ ಇರುವುದರಿಂದ ಪೂರ್ತಿ ಹೋಗಲು ಇನ್ನೂ ಕೆಲವು ವಾರ ಹಿಡಿಯಬಹುದು. ಆದರೆ ಮಾಸುತ್ತಿರುವುದಂತೂ ಗೊತ್ತಾಗಬೇಕು. ಹಾಗೇ ಇದ್ದರೆ ಅಥವಾ ಹರಡಿದರೆ ಅದು ಚೊಗರಲ್ಲ.

ಉಗುರಿಗೆ ನೈಲ್ ಪಾಲಿಶ್ ಇದ್ದರೆ ತೆಗೆಯಿರಿ. ಕಾಲ್ಬೆರಳ ಉಗುರಿಗೆ ವರ್ಷವಿಡೀ ಬಣ್ಣ ಹಚ್ಚಿಕೊಳ್ಳುವವರು ಆರು ತಿಂಗಳಿಗೊಮ್ಮೆಯಾದರೂ ಖಾಲಿ ಉಗುರು ನೋಡಿಕೊಳ್ಳಬೇಕು.

ಹಂತ 3: ಈ ಕ್ರಮದಲ್ಲಿ ನೋಡಿ

ಎರಡೂ ಅಂಗಾಲು. ಹಿಮ್ಮಡಿಯ ಅಂಚು. ಬೆರಳ ಸಂದು ಒಂದೊಂದನ್ನೂ ಬಿಡಿಸಿ. ಕಾಲಿನ ಹತ್ತು ಉಗುರು, ಆಮೇಲೆ ಅಂಗೈ ಮತ್ತು ಕೈಯ ಹತ್ತು ಉಗುರು. ಇಷ್ಟಾದ ಮೇಲೆ ಕಾಲು, ಹೊಟ್ಟೆ, ಬೆನ್ನು, ಕಿವಿಯ ಹಿಂದೆ, ಬೈತಲೆ ತೆಗೆದು ತಲೆಯ ಚರ್ಮ. ಕೊನೆಗೆ ಬಾಯಿ ತೆರೆದು ಅಂಗುಳ. ಮುಖವನ್ನು ಹೇಗೂ ದಿನಾ ಕನ್ನಡಿಯಲ್ಲಿ ನೋಡುತ್ತೀರಿ.

ಹಂತ 4: ಫೋಟೋ

ಕಲೆಯ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು, ಅದು ಯಾವ ಜಾಗ ಎಂದು ತಿಳಿಯುವ ಹಾಗೆ ದೂರದಿಂದ ಒಂದು. ಫ್ಲಾಶ್ ಬೇಡ, ಕಿಟಕಿ ಬೆಳಕು ಸಾಕು. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಸ್ಪಷ್ಟತೆ ಕಳೆದುಕೊಳ್ಳುತ್ತದೆ, ಮೂಲ ಫೋಟೋವನ್ನೇ ಉಳಿಸಿಕೊಳ್ಳಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ "ಎಷ್ಟು ದಿನದಿಂದ ಇದೆ, ಬದಲಾಗಿದೆಯಾ" ಎನ್ನುವುದು. ಬಾಯಿಮಾತಿಗಿಂತ ತಾರೀಕು ಇರುವ ಎರಡು ಫೋಟೋ ಅಲ್ಲಿ ಜಾಸ್ತಿ ಹೇಳುತ್ತವೆ.

ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಗುರುತಿಗಾಗಿ ಮಚ್ಚೆ ಬರೆಸಿದವರು ಬಹಳ ಜನ ಇದ್ದೇವೆ. ಅದನ್ನೂ ಒಮ್ಮೆ ತೆಗೆದು ನೋಡಿ. ಆ ವಯಸ್ಸಿನಲ್ಲೇ ಇದ್ದ ಮಚ್ಚೆ ಯಾವುದು ಎಂದು ಅದು ಹೇಳುತ್ತದೆ. ಗುರುತಿನ ಮಚ್ಚೆ ತೆಗೆಸಿದರೆ ದಾಖಲೆಗೆ ತೊಂದರೆ ಆದೀತು ಎಂದು ಹೆದರಿ ಚಿಕಿತ್ಸೆ ಮುಂದೂಡಬೇಡಿ. ಆಸ್ಪತ್ರೆಯ ಕಾಗದ ಜೋಪಾನ ಮಾಡಿದರೆ ಸಾಕು.

ಹಂತ 5: ಯಾವುದಕ್ಕೆ ಹುಷಾರಾಗಬೇಕು?

ಡಾಕ್ಟರುಗಳು ಇದಕ್ಕೆ ಎಬಿಸಿಡಿಇ ಎಂಬ ಐದು ಗುರುತುಗಳ ಸೂತ್ರ ಇಟ್ಟುಕೊಂಡಿದ್ದಾರೆ. ನ್ಯೂಯಾರ್ಕಿನ ಚರ್ಮವೈದ್ಯರು 1985ರಲ್ಲಿ ಮೊದಲ ನಾಲ್ಕನ್ನು ಮುಂದಿಟ್ಟರು, ಐದನೆಯದು 2004ರಲ್ಲಿ ಸೇರಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ:

ನಡುವೆ ಗೆರೆ ಎಳೆದರೆ ಎರಡು ಅರ್ಧಗಳು ಹೊಂದುವುದಿಲ್ಲ. ಅಂಚು ನುಣುಪಾಗಿಲ್ಲ, ಬಟ್ಟೆಗೆ ಶಾಯಿ ಚೆಲ್ಲಿದಂತೆ ಎಳೆಎಳೆಯಾಗಿದೆ. ಒಂದೇ ಕಲೆಯಲ್ಲಿ ಕಂದು, ಕಪ್ಪು, ಬೂದು, ಕೆಂಪು ಹೀಗೆ ಹಲವು ಬಣ್ಣ. ಅಗಲ 6 ಮಿಲಿಮೀಟರಿಗಿಂತ ಜಾಸ್ತಿ. ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಬದಲಾಗುತ್ತಿದೆ.

ಇಲ್ಲಿ ಜನ ತಪ್ಪು ಮಾಡುವುದು ಅಳತೆಯಲ್ಲಿ. 6 ಮಿಲಿಮೀಟರ್ ಆಗಲಿ ಎಂದು ಕಾಯುತ್ತಾರೆ. ಮೆಲನೋಮಾ ಶುರುವಿನಲ್ಲಿ ಅದಕ್ಕಿಂತ ಚಿಕ್ಕದೇ ಇರುತ್ತದೆ. ಅಂಗಾಲಿನ ಹೊಸ ಕಲೆಗೆ ಈ ಅಳತೆಯನ್ನು ನೆಚ್ಚಬೇಡಿ. ದೊಡ್ಡವರಾದ ಮೇಲೆ ಅಂಗಾಲಿನಲ್ಲಿ ಹೊಸದಾಗಿ ಕಪ್ಪು ಕಲೆ ಬಂದು ಉಳಿದಿದೆ ಎಂದರೆ ಚಿಕ್ಕದಿದ್ದರೂ ತೋರಿಸಿ. ಅಂಗಾಲಿನಲ್ಲಿ ಮಾಮೂಲಿ ಮಚ್ಚೆ ಇರಬಾರದು ಎಂದೇನಿಲ್ಲ, ಬೇಕಾದಷ್ಟು ಜನರಿಗೆ ಇರುತ್ತದೆ. ಅದನ್ನು ಬೇರ್ಪಡಿಸಿ ಹೇಳುವ ಕೆಲಸ ಡಾಕ್ಟರಿಗೆ ಬಿಡಿ.

ಈ ಸೂತ್ರಕ್ಕೆ ಸಿಗದ ಒಂದು ಬಗೆಯೂ ಇದೆ. ಕೆಲವೇ ವಾರಗಳಲ್ಲಿ ಎದ್ದು ನಿಲ್ಲುವ ಗಟ್ಟಿ ಗಂಟು. ಅದರ ಅಂಚು ಸರಿಯಾಗಿಯೇ ಇರಬಹುದು. ಕೆಲವೊಮ್ಮೆ ಕಪ್ಪು ಬಣ್ಣವೇ ಇರದೆ ಗುಲಾಬಿ ಬಣ್ಣದ ಮಾಂಸದ ತುಂಡಿನಂತೆ ಕಾಣುತ್ತದೆ, ಮುಟ್ಟಿದರೆ ರಕ್ತ. ಹಾಗೆಯೇ ಮುಳ್ಳು ಚುಚ್ಚಿ ಆಯಿತು ಎಂದುಕೊಂಡ ಗಾಯ, ಆಣಿ ಎಂದುಕೊಂಡ ಗಂಟು ಎರಡು ತಿಂಗಳಾದರೂ ವಾಸಿಯಾಗದಿದ್ದರೆ ತೋರಿಸಲೇಬೇಕು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕಾಲಿನ ಗಾಯ ಹೊಸತಲ್ಲ. ಅದಕ್ಕೇ ಇದು ತಪ್ಪಿ ಹೋಗುತ್ತದೆ.

ಇನ್ನೊಂದು ಸುಲಭದ ಉಪಾಯ: ಒಬ್ಬ ಮನುಷ್ಯನ ಮೈಮೇಲಿನ ಮಚ್ಚೆಗಳು ಸಾಧಾರಣವಾಗಿ ಒಂದೇ ಮನೆಯ ಮಕ್ಕಳ ಹಾಗೆ ಒಂದನ್ನೊಂದು ಹೋಲುತ್ತವೆ. ಅವುಗಳ ನಡುವೆ ಯಾರ ಹಾಗೂ ಇಲ್ಲದ ಒಂದು ಕಂಡರೆ ಅದನ್ನು ತೋರಿಸಿ.

ಹಂತ 6: ಉಗುರನ್ನು ಬೇರೆಯಾಗಿ ನೋಡಿ

ಕಲ್ಲಿಗೆ ಎಡವಿ ಉಗುರಿನಡಿ ರಕ್ತ ಕಟ್ಟಿದರೆ ಅದು ಕಪ್ಪಗೆ ಕಾಣುತ್ತದೆ. ಆದರೆ ಉಗುರು ಬೆಳೆದಂತೆ ಆ ಕಪ್ಪು ತುದಿಯ ಕಡೆ ಸರಿಯುತ್ತದೆ, ಬುಡದಲ್ಲಿ ಹೊಸ ಬಿಳಿ ಉಗುರು ಬರುತ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧ ಅಥವಾ ಇನ್ನೂ ಕಡಿಮೆ. ತಿಂಗಳಿಗೊಂದು ಫೋಟೋ ತೆಗೆಯಿರಿ. ಎರಡು ತಿಂಗಳಲ್ಲಿ ಕಪ್ಪು ಮುಂದೆ ಸರಿಯದಿದ್ದರೆ ಅದನ್ನು ಬರೀ ರಕ್ತ ಎಂದು ಬಿಡಬೇಡಿ.

ಬುಡದಿಂದ ತುದಿಯವರೆಗೆ ಉದ್ದಕ್ಕೆ ಕಂದು ಗೆರೆ ಇರುವುದು ಕಪ್ಪು ಚರ್ಮದವರಲ್ಲಿ ಮಾಮೂಲು. ಹಲವು ಉಗುರಿನಲ್ಲಿ ತೆಳ್ಳಗೆ ಇದ್ದರೆ ಸಾಮಾನ್ಯವಾಗಿ ಏನೂ ಆಗಬೇಕಿಲ್ಲ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ ಗೆರೆ ಬಂದು 3 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಬುಡದಲ್ಲಿ ತುದಿಗಿಂತ ಅಗಲವಾಗಿದ್ದರೆ, ಉಗುರು ಸೀಳುತ್ತಿದ್ದರೆ ತಡ ಮಾಡಬೇಡಿ. ಕಪ್ಪು ಬಣ್ಣ ಉಗುರು ದಾಟಿ ಸುತ್ತಲಿನ ಚರ್ಮಕ್ಕೂ ಹರಡಿದ್ದರೆ ಆ ವಾರವೇ ಹೋಗಿ. ಇಂಗ್ಲೆಂಡಿನ ಜೊನಾಥನ್ ಹಚಿನ್‌ಸನ್ ಎಂಬ ವೈದ್ಯರು 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಈಗಲೂ ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಹಂತ 7: ಮಚ್ಚೆಯೇ ಅಲ್ಲದವನ್ನು ಬಿಡಿ

ನಡುವಯಸ್ಸಿನಲ್ಲಿ ಕೆನ್ನೆ ತುಂಬ ಬರುವ ಸಣ್ಣ ಕಪ್ಪು ಗುಳ್ಳೆ, ಅಂಟಿಸಿಟ್ಟ ಮೇಣದ ಹಾಗಿರುವ ಒರಟು ಕಪ್ಪು ದಪ್ಪ, ಕುತ್ತಿಗೆಯಲ್ಲಿ ನೇತಾಡುವ ನರುಲಿ, ಬಂಗು, ಶಿಶುವಿನ ಸೊಂಟದ ಕೆಳಗಿನ ನೀಲಿ ಮಚ್ಚೆ. ಇವು ಮೆಲನೋಮಾ ಆಗುವುದಿಲ್ಲ. ಕಂದು ಅಥವಾ ಕಪ್ಪು ಬಣ್ಣದ ಹುಟ್ಟುಮಚ್ಚೆ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಇರುತ್ತದೆ, ಚಿಕ್ಕದಾದರೆ ಆಗಾಗ ನೋಡಿಕೊಂಡರೆ ಸಾಕು. ಅಂಗೈಗಿಂತ ದೊಡ್ಡದಾಗಿ ಬೆನ್ನು, ತೊಡೆಯನ್ನು ಆವರಿಸಿದ ಹುಟ್ಟುಮಚ್ಚೆಯನ್ನು ಮಾತ್ರ ಮಗು ಚಿಕ್ಕದಿರುವಾಗಲೇ ಚರ್ಮದ ಡಾಕ್ಟರಿಗೆ ತೋರಿಸಿ. ಅದರಲ್ಲಿ ಅಪಾಯ ಉಳಿದವಕ್ಕಿಂತ ಜಾಸ್ತಿ.

ಹಂತ 8: ಸುಡಬೇಡಿ, ಕಟ್ಟಬೇಡಿ, ಕೊಯ್ಯಬೇಡಿ

ಇದನ್ನು ನಾನು ಒತ್ತಿ ಹೇಳಬೇಕು. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುವುದು, ಕುದುರೆ ಬಾಲದ ಕೂದಲಿನಲ್ಲಿ ಬಿಗಿದು ಕಟ್ಟುವುದು, ಅಂಗಾಲಿನ "ಆಣಿ"ಯನ್ನು ಬ್ಲೇಡಿನಲ್ಲಿ ಕೆರೆಯುವುದು. ಈಗ ಇದಕ್ಕೆ ಬ್ಯೂಟಿ ಪಾರ್ಲರಿನ ಕರೆಂಟಿನ ಸೂಜಿಯೂ ಸೇರಿದೆ. ಗೇರೆಣ್ಣೆ ಚರ್ಮವನ್ನು ಹೇಗೆ ಸುಡುತ್ತದೆ ಎಂದು ಕಾಸರಗೋಡಿನವರಿಗೆ ಹೇಳಿಕೊಡಬೇಕಿಲ್ಲ.

ಸುಟ್ಟ ಗಾಯಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕಲೆ ಮೇಲೆ ಸುಟ್ಟು ಹೋಯಿತು, ಕೆಳಗೆ ಕೋಶ ಉಳಿಯಿತು ಎನ್ನಿ. ಅದು ಕ್ಯಾನ್ಸರ್ ಆಗಿದ್ದರೆ ಕಲೆಗಾಯದ ಕೆಳಗೆ ಕಾಣದಂತೆ ಬೆಳೆಯುತ್ತದೆ, ಎಷ್ಟು ಆಳ ಇತ್ತು ಎಂದು ಅಳೆಯಲು ತುಂಡೇ ಉಳಿದಿರುವುದಿಲ್ಲ. ಕ್ಯಾನ್ಸರ್ ಅಲ್ಲದಿದ್ದರೂ ತೊಂದರೆಯೇ. ಅರ್ಧ ಉಳಿದ ಮಚ್ಚೆ ಮತ್ತೆ ಬೆಳೆದಾಗ ಸೂಕ್ಷ್ಮದರ್ಶಕದಲ್ಲೂ ಮೆಲನೋಮಾದ ಹಾಗೆ ಕಾಣಬಹುದು. ಚಂದಕ್ಕಾಗಿ ಮಚ್ಚೆ ತೆಗೆಸುವುದಾದರೂ ಚರ್ಮದ ಡಾಕ್ಟರ್ ನೋಡಿದ ಮೇಲೆಯೇ ತೆಗೆಸಿ. ಲೇಸರಿಗೂ ಇದೇ ಮಾತು.

ಹಂತ 9: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು?

ಹತ್ತಿರದ ಸರಕಾರಿ ಆಸ್ಪತ್ರೆಯಿಂದ ಶುರು ಮಾಡಿ, ಚರ್ಮದ ವಿಭಾಗ ಯಾವ ದಿನ ಇದೆ ಎಂದು ಮೊದಲೇ ಕೇಳಿಕೊಳ್ಳಿ. ದೊಡ್ಡ ಪರೀಕ್ಷೆ ಬೇಕಾದರೆ ಉತ್ತರಕ್ಕೆ ತಲಪಾಡಿ ದಾಟಿ ಮಂಗಳೂರಿನ ಮೆಡಿಕಲ್ ಕಾಲೇಜುಗಳಿವೆ. ದಕ್ಷಿಣಕ್ಕೆ ಪರಿಯಾರಂ ಮೆಡಿಕಲ್ ಕಾಲೇಜು ಇದೆ, ತಲಶ್ಶೇರಿಯ ಹತ್ತಿರ ಕೊಡಿಯೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಕೇರಳದ ಕಾರುಣ್ಯ ವಿಮೆ ಕಾರ್ಡ್ ಇರುವವರು ಗಡಿ ದಾಟುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿ ಕಾರ್ಡ್ ನಡೆಯುತ್ತದೆಯೇ ಎಂದು ಕೇಳಿ. ದಾಖಲಾದ ಮೇಲೆ ಕೇಳಿದರೆ ತಡವಾಗುತ್ತದೆ.

ಮಲಯಾಳಂ ಸರಿಯಾಗಿ ಬಾರದ ನಮ್ಮ ಹಿರಿಯರು ಡಾಕ್ಟರ್ ಮುಂದೆ ಸುಮ್ನೆ ಕೂತುಬಿಡುತ್ತಾರೆ. ಈ ಕೆಲವು ಮಾತು ಸಾಕಾಗುತ್ತದೆ: ಮಚ್ಚೆಗೆ "ಮರುಗ್", ಕಪ್ಪು ಮಚ್ಚೆಗೆ "ಕಾಕ್ಕಪ್ಪುಳ್ಳಿ". "ವಲುದಾಗುನ್ನುಂಡ್" ಎಂದರೆ ದೊಡ್ಡದಾಗುತ್ತಿದೆ. "ನಿರಂ ಮಾರಿ" ಎಂದರೆ ಬಣ್ಣ ಬದಲಾಗಿದೆ. "ಚೋರ ವರುನ್ನುಂಡ್" ಎಂದರೆ ರಕ್ತ ಬರುತ್ತಿದೆ. "ಅರಿಂಬಾರ" ಎಂದು ಮಾತ್ರ ಹೇಳಬೇಡಿ, ಅದು ನರುಲಿಯ ಹೆಸರು.

ಡಾಕ್ಟರ್ ಮೊದಲು ಡರ್ಮೋಸ್ಕೋಪ್ ಇಟ್ಟು ನೋಡಬಹುದು. ಅದು ದೀಪ ಇರುವ ಭೂತಗನ್ನಡಿ, ನೋವಿಲ್ಲ. ಅಂಗಾಲಿನಲ್ಲಿ ಬೆರಳಚ್ಚಿನ ಹಾಗೆ ಏರು ತಗ್ಗಿನ ಗೆರೆಗಳಿರುತ್ತವಲ್ವಾ, ಬಣ್ಣ ತಗ್ಗಿನಲ್ಲಿದ್ದರೆ ಹೆಚ್ಚಾಗಿ ಮಾಮೂಲಿ ಮಚ್ಚೆ. ಏರಿನ ಮೇಲಿದ್ದರೆ ಅನುಮಾನ. ಜಪಾನಿನ ವೈದ್ಯರು ಕಂಡುಕೊಂಡ ಈ ಗುರುತು ನಮ್ಮಂಥವರಿಗೆ ದೊಡ್ಡ ಉಪಕಾರ.

ಅನುಮಾನ ಉಳಿದರೆ ಬಯಾಪ್ಸಿ, ಅಂದರೆ ಕಲೆಯನ್ನು ತೆಗೆದು ಲ್ಯಾಬಿಗೆ ಕಳಿಸುವುದು. ಸಾಧ್ಯವಾದ ಕಡೆ ಇಡೀ ಕಲೆಯನ್ನು ಸುತ್ತ 1ರಿಂದ 3 ಮಿಲಿಮೀಟರ್ ಒಳ್ಳೆಯ ಚರ್ಮದ ಜತೆ ಪೂರ್ತಿ ಆಳಕ್ಕೆ ತೆಗೆಯುತ್ತಾರೆ. ಉಗುರಿನಲ್ಲಿ ಅಥವಾ ದೊಡ್ಡ ಕಲೆಯಲ್ಲಿ ಒಂದು ಭಾಗ ಮಾತ್ರ ತೆಗೆಯಬೇಕಾಗಬಹುದು. "ಕತ್ತಿ ತಾಗಿದರೆ ಹರಡುತ್ತದೆ" ಎಂಬ ಮಾತು ನಮ್ಮ ಕಡೆ ಬಹಳ ಗಟ್ಟಿ. ಅದು ಸುಳ್ಳು. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ.

ಹಂತ 10: ರಿಪೋರ್ಟ್ ಬಂದಾಗ

ಮೆಲನೋಮಾ ಎಂದು ಬರೆದಿದ್ದರೆ ಮೊದಲು ಹುಡುಕಬೇಕಾದ ಅಂಕಿ "ಬ್ರೆಸ್ಲೋ" ದಪ್ಪ. ಕಾಯಿಲೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬ ಅಳತೆ ಅದು. ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಕೊಟ್ಟ ಈ ಅಳತೆಯ ಮೇಲೇ ಇಂದಿಗೂ ಚಿಕಿತ್ಸೆ ನಿಂತಿದೆ. 1 ಮಿಲಿಮೀಟರಿನೊಳಗೆ ಇದ್ದರೆ ಸುತ್ತ ಸುಮಾರು 1 ಸೆಂಟಿಮೀಟರ್ ಬಿಟ್ಟು ತೆಗೆಯುತ್ತಾರೆ, ಹೆಚ್ಚಿನವರಿಗೆ ಅಷ್ಟರಲ್ಲೇ ಮುಗಿಯುತ್ತದೆ. 2 ಮಿಲಿಮೀಟರ್ ದಾಟಿದರೆ 2 ಸೆಂಟಿಮೀಟರ್. ದಪ್ಪ ಹೆಚ್ಚಿದ್ದರೆ ತೊಡೆಸಂದು ಅಥವಾ ಕಂಕುಳಿನ ಮೊದಲ ಹಾಲ್ರಸ ಗ್ರಂಥಿಯನ್ನು (ಲಿಂಫ್ ನೋಡ್) ತೆಗೆದು ಹರಡಿದೆಯೇ ಎಂದು ನೋಡುತ್ತಾರೆ. ಕಂಕುಳು, ತೊಡೆಸಂದಿನಲ್ಲಿ ಗಂಟು ಕೈಗೆ ಸಿಕ್ಕಿದ್ದರೆ ಕೇಳುವವರೆಗೆ ಕಾಯದೆ ನೀವೇ ಹೇಳಿ.

ಹರಡಿದ ಮೆಲನೋಮಾಕ್ಕೂ 2011ರಿಂದ ಹೊಸ ಔಷಧಗಳು ಬಂದಿವೆ. ಕೆಲವು ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುತ್ತವೆ, ಕೆಲವು ಕೆಟ್ಟ ಬ್ರಾಫ್ ಜೀನನ್ನು ತಡೆಯುತ್ತವೆ. ಅಂಗಾಲಿನ ಮೆಲನೋಮಾಗಳಲ್ಲಿ ಬ್ರಾಫ್ ಬದಲಾವಣೆ ಕಡಿಮೆ. ಆದ್ದರಿಂದ ಔಷಧ ಶುರು ಮಾಡುವ ಮೊದಲು ಜೀನ್ ಪರೀಕ್ಷೆ ಮಾಡಿಸುತ್ತಾರೆ. ಅದಕ್ಕೆ ಬಯಾಪ್ಸಿಯ ತುಂಡು ಬೇಕು. ಲ್ಯಾಬಿನವರು ಅದನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, "ಬ್ಲಾಕ್" ಎನ್ನುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜತೆ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಕೇಳಿ ಪಡೆದುಕೊಳ್ಳಿ. ಮಂಗಳೂರಿನಿಂದ ತಲಶ್ಶೇರಿಗೆ ಹೋಗಿ, ಬ್ಲಾಕ್ ತರಲು ಮತ್ತೆ ವಾಪಸ್ ಓಡುವುದು ಬೇಡ.

ಏನೂ ಸಿಗದಿದ್ದರೆ ಮುಂದಿನ ನೋಟ ಮೂರು ತಿಂಗಳಿಗೆ. ಸಕ್ಕರೆ ಕಾಯಿಲೆ ಇರುವವರು ಹೇಗೂ ದಿನಾ ಅಂಗಾಲು ನೋಡಿಕೊಳ್ಳಬೇಕು, ಗಾಯದ ಜತೆ ಬಣ್ಣವನ್ನೂ ನೋಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ರಾತ್ರಿ ಕಾಲಿಗೆ ಎಣ್ಣೆ ತಿಕ್ಕುವಾಗ ಫೋನಿನ ಟಾರ್ಚ್ ಹಾಕಿ, ಬೆರಳ ಸಂದು ಬಿಡಿಸಿ ನೀವೇ ನೋಡಿ. ಅವರಾಗಿ ತೋರಿಸುವುದಿಲ್ಲ.